ಅಜ್ಜನ ಕಾಲ್ಪೇಟಿ: ಏನು ಮುಟ್ಟಬೇಕು, ಏನು ಬಿಡಬೇಕು

ಬ್ಯಾಡಗಿ ಅಂದ ಕೂಡಲೇ ಜನ ಕೇಳೋದು ಮೆಣಸಿನಕಾಯಿ. ನಾನು ಊರಿಗೆ ಹೊರಟೆ ಅಂದ್ರೆ ಸಾಕು, ಬೆಂಗಳೂರಿನ ಆಫೀಸಿನ ಗ್ರೂಪಿನಲ್ಲಿ 'ನಂಗೆ ಎರಡು ಕೇಜಿ ಡಬ್ಬಿ', 'ನಂಗೆ ಒಂದು ಕೇಜಿ ಕಡ್ಡಿ' ಅಂತ ಆರ್ಡರ್ ಶುರುವಾಗುತ್ತೆ. ಹೋದ ವರ್ಷ ಮಾತ್ರ ಮೆಣಸಿನಕಾಯಿ ಜೊತೆಗೆ ಒಂದು ಪೇಟಿಯ ಕಥೆಯನ್ನೂ ತಂದಿದ್ದೆ. ಕೇಳಿದವರದ್ದೆಲ್ಲ ಒಂದೇ ಪ್ರಶ್ನೆ: "ಅಷ್ಟು ದುಡ್ಡು ಹಾಕಿ ಹಳೇದನ್ನ ಯಾಕೆ ರಿಪೇರಿ ಮಾಡಿಸಿದೆ? ಹೊಸದೇ ಬರ್ತಿತ್ತಲ್ಲ?"

ಪ್ರಶ್ನೆ ತಪ್ಪೇನಲ್ಲ. ಉತ್ತರ ಸ್ವಲ್ಪ ಉದ್ದ ಇದೆ, ಅದಕ್ಕೇ ಬರೀತಿದ್ದೀನಿ.

ನಮ್ಮ ಕಡೆ ಹಾರ್ಮೋನಿಯಂಗೆ ಪೇಟಿ ಅಂತಾರೆ. ಒಂದು ಕೈಯಲ್ಲಿ ಗಾಳಿ ಹಾಕಿ ಇನ್ನೊಂದು ಕೈಯಲ್ಲಿ ಬಾರಿಸೋದು ನೀವೆಲ್ಲ ನೋಡಿರೋ ಪೇಟಿ. ಇನ್ನೊಂದು ಜಾತಿ ಇದೆ, ಕಾಲ್ಪೇಟಿ. ಅದಕ್ಕೆ ಮೇಜಿನ ಹಾಗೆ ಸ್ಟ್ಯಾಂಡ್ ಇರುತ್ತೆ, ಕೆಳಗೆ ಎರಡು ಪೆಡಲ್. ಕುರ್ಚಿ ಮೇಲೆ ಕೂತು ಎರಡೂ ಕಾಲಿನಿಂದ ಗಾಳಿ ಒತ್ತಬೇಕು, ಆಗ ಎರಡೂ ಕೈ ಬಾರಿಸೋಕೆ ಖಾಲಿ ಸಿಗುತ್ತೆ. ದನಿಯೂ ದೊಡ್ಡದು. ಮೈಕ್ ಇಲ್ಲದ ಕಾಲದಲ್ಲಿ ನಾಟಕದ ಟೆಂಟಿನ ಕೊನೇ ಸಾಲಿನವರೆಗೂ ಮುಟ್ಟುತ್ತಿದ್ದದ್ದು ಇದೇ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಗೆಳತಿಯೊಬ್ಬಳು ಕ್ರಿಸ್‌ಮಸ್ ಹಾಡು ಕೇಳೋಣ ಬಾ ಅಂತ ಕಬ್ಬನ್ ರಸ್ತೆಯ ಸೇಂಟ್ ಆಂಡ್ರೂಸ್ ಚರ್ಚಿಗೆ ಕರ್ಕೊಂಡು ಹೋಗಿದ್ದಳು. 1866ರ ಆ ಚರ್ಚಿನಲ್ಲಿ ಹಳೆಯ ಪೈಪ್ ಆರ್ಗನ್ ಇದೆ. ಅದರ ಮೊದಲ ಸ್ವರ ಕೇಳಿದಾಗ ನನಗೆ ಅನಿಸಿದ್ದು ಇಷ್ಟೇ: ಅರೇ, ಇದು ನಮ್ಮನೆ ಪೇಟಿಯ ದೊಡ್ಡಪ್ಪ! ಆಮೇಲೆ ಓದಿ ತಿಳ್ಕೊಂಡೆ, ನನ್ನ ಊಹೆ ತೀರಾ ತಪ್ಪೇನಲ್ಲ. ಎರಡರಲ್ಲೂ ಗಾಳಿ ತುಂಬುವ ತಿದಿ ಇದೆ, ಗಾಳಿ ಕೂಡಿಡುವ ಪೆಟ್ಟಿಗೆ ಇದೆ, ಯಾವ ಸಾಲು ನುಡಿಯಬೇಕು ಅಂತ ಎಳೆದು ಬಿಡುವ ಗುಂಡಿಗಳಿವೆ. ವ್ಯತ್ಯಾಸ ಇರೋದು ದನಿ ಹುಟ್ಟೋ ಜಾಗದಲ್ಲಿ. ಪೈಪ್ ಆರ್ಗನ್ನಿನ ಬಹಳಷ್ಟು ಕೊಳವೆಗಳು ಕೊಳಲಿನ ಹಾಗೆ ನುಡಿಯುತ್ತವೆ. ಪೇಟಿಯಲ್ಲಿ ಹಿತ್ತಾಳೆಯ ತೆಳ್ಳನೆ ನಾಲಿಗೆಯೊಂದು ಗಾಳಿಗೆ ನಡುಗಿ ಸ್ವರ ಕೊಡುತ್ತೆ. ಅದೇ ರೀಡು. ಪೈಪ್ ಇಲ್ಲದ್ದರಿಂದ ಪೇಟಿ ಸಣ್ಣದಾಯ್ತು, ಮಡಚಿ ಬಂಡಿಗೆ ಹೇರುವಷ್ಟು ಸಣ್ಣದು.

1840ರ ದಶಕದ ಆರಂಭದಲ್ಲಿ ಪ್ಯಾರಿಸ್ಸಿನಲ್ಲಿ ಇದಕ್ಕೆ ಹಾರ್ಮೋನಿಯಂ ಅಂತ ಹೆಸರಿಟ್ಟು ಪೇಟೆಂಟ್ ತಗೊಂಡವನು ಅಲೆಕ್ಸಾಂಡ್ರ್ ದೆಬೆನ್. ಅದು ಕಾಲಿನಿಂದ ಒತ್ತುವ ಪೇಟಿಯೇ. ನೆಲದ ಮೇಲೆ ಕೂತು ಬಾರಿಸುವ ಕೈಪೇಟಿಯನ್ನು 19ನೇ ಶತಮಾನದ ಕೊನೆಯ ಭಾಗದಲ್ಲಿ ರೂಢಿಗೆ ತಂದವರು ಕೋಲ್ಕತ್ತದ ದ್ವಾರಕಾನಾಥ ಘೋಷ್. ಅಂದ್ರೆ ಕಾಲ್ಪೇಟಿ ಅಣ್ಣ, ಕೈಪೇಟಿ ತಮ್ಮ.

ನಮ್ಮ ಭಾಗಕ್ಕೆ ಪೇಟಿ ಬಂದದ್ದು ನಾಟಕದ ಜೊತೆ. ಮರಾಠಿ ಸಂಗೀತ ನಾಟಕ ಕಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಮರಾಠಿ ನಾಟಕಗಳ ಅಬ್ಬರದ ನಡುವೆ ಗದುಗಿನಲ್ಲಿ ಕನ್ನಡದ ನಾಟಕ ಮಂಡಳಿ ಕಟ್ಟಿದ ಶಾಂತಕವಿಗಳು ನಮ್ಮ ಜಿಲ್ಲೆಯವರೇ, ಹಿರೇಕೆರೂರು ತಾಲ್ಲೂಕಿನ ಸಾತೇನಹಳ್ಳಿಯವರು. ಆಮೇಲೆ ಕಂಪನಿ ನಾಟಕಗಳ ಕಾಲ. ಹಾವೇರಿ ತಾಲ್ಲೂಕಿನ ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿದ ಪುಟ್ಟರಾಜ ಗವಾಯಿಗಳಂತೂ ಕಣ್ಣಿಲ್ಲದಿದ್ದರೂ ಪೇಟಿಯ ಮೇಲೆ ಎಂಥ ಹಿಡಿತ ಇಟ್ಟಿದ್ದರು ಅನ್ನೋದನ್ನ ನಮ್ಮ ಕಡೆ ಮಕ್ಕಳಿಗೂ ಹೇಳ್ತಾರೆ. ಗದುಗಿನ ಪುಣ್ಯಾಶ್ರಮದ ಮಕ್ಕಳ ಹೊಟ್ಟೆ ತುಂಬಿಸೋಕೆ ಅವರು ನಾಟಕ ಬರೆದು, ಕಂಪನಿಯನ್ನೇ ನಡೆಸಿದವರು.

ರೇಡಿಯೋದಲ್ಲಿ ಮಾತ್ರ ಈ ವಾದ್ಯಕ್ಕೆ ಜಾಗ ಇರಲಿಲ್ಲ. ಸ್ವರದಿಂದ ಸ್ವರಕ್ಕೆ ಜಾರೋಕೆ ಇದಕ್ಕೆ ಬರಲ್ಲ, ನಮ್ಮ ಸಂಗೀತಕ್ಕೆ ಒಗ್ಗಲ್ಲ ಅಂತ 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ನಿಷೇಧಿಸಿತು. ಅದು ಸಡಿಲಾಗಲು 1971 ಬರಬೇಕಾಯಿತು. ಆ ಮೂವತ್ತು ವರ್ಷ ಪೇಟಿಯನ್ನು ಸಾಕಿದ್ದು ಭಜನೆ ಮನೆಗಳು, ನಾಟಕದ ಟೆಂಟುಗಳು, ಮತ್ತೆ ಹಳ್ಳಿ ಹಳ್ಳಿ ತಿರುಗುತ್ತಿದ್ದ ಪೇಟಿ ಮಾಸ್ತರರು.

ನಮ್ಮಜ್ಜ ಅಂಥ ಒಬ್ಬ ಮಾಸ್ತರ. ಸುಗ್ಗಿ ಮುಗಿದ ಮೇಲೆ ಯಾವುದಾದರೂ ಹಳ್ಳಿಯವರು ಬಂದು ವೀಳ್ಯ ಕೊಟ್ಟು ಕರೀತಿದ್ದರು. ಎರಡು-ಮೂರು ತಿಂಗಳು ಅಲ್ಲೇ ಇದ್ದು ರೈತರ ಹುಡುಗರಿಗೆ ಮಾತು, ಹಾಡು, ಹೆಜ್ಜೆ ಕಲಿಸಿ, ಜಾತ್ರೆಗೋ ಯುಗಾದಿಗೋ ನಾಟಕ ಆಡಿಸಿ ಬರ್ತಿದ್ದರು. ಅವರ ಕಾಲ್ಪೇಟಿ ಮುಚ್ಚಿಹೋದ ಒಂದು ಕಂಪನಿಯದ್ದು, ಸಾಮಾನು ಮಾರುವಾಗ ಕೊಂಡದ್ದು. ಅಜ್ಜ ಹೋಗಿ ಹನ್ನೆರಡು ವರ್ಷ. ಅಂದಿನಿಂದ ಪೇಟಿ ಹಿತ್ತಲ ಕೋಣೆಯಲ್ಲಿ ಮೆಣಸಿನಕಾಯಿ ಚೀಲದ ಪಕ್ಕ ನಿಂತಿತ್ತು.

ಹೋದ ವರ್ಷ ದೀಪಾವಳಿಗೆ ಹೋದಾಗ ಗೊತ್ತಾಯ್ತು, ಅದಕ್ಕೆ ಗಿರಾಕಿ ಬಂದಿದ್ದ. ಹಳೇ ಸಾಮಾನು ಕೊಂಡು ರೆಸಾರ್ಟುಗಳಿಗೆ ಕೊಡೋ ವ್ಯಾಪಾರಿ. ಮೇಲಿನ ಪೆಟ್ಟಿಗೆಯೊಳಗಿನದನ್ನೆಲ್ಲ ತೆಗೆದು, ಗಾಜು ಕೂರಿಸಿ, ರಿಸೆಪ್ಶನ್ನಿನ ಮೇಜು ಮಾಡ್ತಾನಂತೆ. ಇಪ್ಪತ್ತೈದು ಸಾವಿರ ಕೊಡ್ತೀನಿ ಅಂದಿದ್ದ.

ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯೋ ನಮ್ಮ ಕಾಕಾಗೆ ಅದು ಒಳ್ಳೇ ರೇಟು ಅನಿಸಿತ್ತು. "ಮನ್ಯಾಗ ಒಬ್ರಿಗೂ ಬಾರಿಸಾಕ ಬರಂಗಿಲ್ಲ. ಹಂಗ ಇಟ್ರ ಹುಳ ತಿಂತಾವು. ಕೊಟ್ಟು ಕೈ ತೊಳ್ಕೊಳ್ಳೂಣು" ಅಂದರು. ಅವರ ಮಾತಿನಲ್ಲಿ ಸುಳ್ಳೇನಿರಲಿಲ್ಲ.

ಅಜ್ಜಿ ಪೇಟಿಯ ಪರ ನಿಲ್ತಾಳೆ ಅಂದ್ಕೊಂಡಿದ್ದೆ. ಅವಳು ಅಡಿಕೆ ಕತ್ತರಿಸ್ತಾ ಹೇಳಿದ್ದೇ ಬೇರೆ: "ಮಾರೂದಾದ್ರ ಮಾರ್ರಿ. ನನಗೇನ ಅದರ ಮ್ಯಾಲ ಪ್ರೀತಿ ಇಲ್ಲ. ವರ್ಷಕ್ಕ ಮೂರು ತಿಂಗಳು ನಿಮ್ಮಜ್ಜನ್ನ ಕರ್ಕೊಂಡು ಹೊಕ್ಕಿತ್ತು ಅದು. ಆದ್ರ ನಾಲಿಗಿ ಕಿತ್ತು ಮಾರಬ್ಯಾಡ್ರಿ."

ರೀಡಿಗೆ ಅಜ್ಜ ನಾಲಿಗಿ ಅಂತಲೇ ಅಂತಿದ್ದರು. ನಾಲಿಗೆ ಸಮೇತ ಕೊಳ್ಳೋ ಗಿರಾಕಿ ಯಾರೂ ಇರಲಿಲ್ಲ. ಕಾಕಾನ ಹತ್ತಿರ ಯುಗಾದಿವರೆಗೂ ಟೈಮ್ ಕೇಳಿದೆ. ಅಷ್ಟರಲ್ಲಿ ಅದು ನುಡಿಯೋ ಹಾಗಾಗಿ, ಬಾರಿಸೋರು ಯಾರಾದರೂ ಸಿಕ್ಕರೆ ಇಟ್ಕೊಳ್ಳೋಣ. ಇಲ್ಲದಿದ್ದರೆ ಮಾರೋದು. ಖರ್ಚು ನನ್ನದು.

ಹುಬ್ಬಳ್ಳಿಯಲ್ಲಿ ಒಬ್ಬರು ರಿಪೇರಿ ಅಜ್ಜ ಇದ್ದಾರೆ ಅಂತ ಗೊತ್ತಾಯ್ತು. ಮಿರಜದಲ್ಲಿ ಕೆಲಸ ಕಲಿತವರು, ಎಪ್ಪತ್ತು ದಾಟಿದೆ. ಟಾಟಾ ಏಸ್‌ನಲ್ಲಿ ಪೇಟಿ ಹೇರ್ಕೊಂಡು ಹೋದೆವು. ಮುಚ್ಚಳ ತೆಗೆದದ್ದೇ ಅವರು ಏಳೆಂಟು ಸಲ ಸೀನಿದರು. ಒಳಗೆ ಹನ್ನೆರಡು ವರ್ಷದ ಮೆಣಸಿನಕಾಯಿ ಪುಡಿ! "ಇದು ಬ್ಯಾಡಗಿ ಪೇಟಿ ಅಂತ ಹೇಳಾಕ ಕಾಗದಪತ್ರ ಬ್ಯಾಡ ಬಿಡವ್ವಾ" ಅಂತ ನಕ್ಕರು. ಆ ಖಾರಕ್ಕೋ ಏನೋ, ಇಲಿ ಮಾತ್ರ ತಿದಿಯನ್ನು ಮುಟ್ಟಿರಲಿಲ್ಲ.

ಅವರ ಕೆಲಸದ ಕ್ರಮ ಒಂದೇ ಮಾತಿನದ್ದು: "ಮೊದಲ ಉಸಿರು, ಆಮ್ಯಾಲ ಮಾತು." ತಿದಿ ಸರಿಯಾಗದೆ ರೀಡಿಗೆ ಕೈ ಹಾಕೋ ಹಾಗಿಲ್ಲ. ಗಾಳಿ ಸೋರ್ತಿದ್ದರೆ ಒಳ್ಳೇ ರೀಡೂ ಕೆಟ್ಟದಾಗಿ ನುಡಿಯುತ್ತೆ, ಸುಮ್ಮನೆ ಅದರ ಮೇಲೆ ಅನುಮಾನ ಬರುತ್ತೆ. ಪೂರ್ತಿ ಗಾಳಿ ತುಂಬಿ ಕಾಲು ತೆಗೆದು ಎಣಿಸಿದೆವು. ನಾಲ್ಕು ಸೆಕೆಂಡಿಗೆ ತಿದಿ ಕುಸಿದುಬಿತ್ತು. ಮೂಲೆಗಳ ಚರ್ಮ ಒಣಗಿ ಬಿರುಕು ಬಿಟ್ಟಿತ್ತು, ಪೆಟ್ಟಿಗೆಯ ತಳದ ಹಲಗೆ ಒಂದು ಕಡೆ ಸೀಳಿತ್ತು. ಯಾರೋ ಹಿಂದೊಮ್ಮೆ ಬಿಳಿ ಅಂಟು ಹಚ್ಚಿ ಮುಚ್ಚಿದ್ದರು. ಅದನ್ನು ಬಿಡಿಸೋಕೇ ಅಜ್ಜನಿಗೆ ಎರಡು ದಿನ ಹಿಡಿಯಿತು.

ಅವರು ಹಚ್ಚಿದ್ದು ಸರೇಸು. ಚರ್ಮ, ಎಲುಬು ಕುದಿಸಿ ಮಾಡೋ, ಬಿಸಿ ಮಾಡಿ ಹಚ್ಚೋ ಹಳೇ ಅಂಟು. "ಈಗ ಇದಕ್ಕಿಂತ ಗಟ್ಟಿ ಅಂಟು ಸಿಗ್ತವಲ್ರೀ ಅಜ್ಜಾ?" ಅಂದೆ.

"ಗಟ್ಟಿ ಆದದ್ದಕ್ಕ ಬ್ಯಾಡ ಅನ್ನೂದು ತಂಗೀ. ಇದಕ್ಕ ಬಿಸಿನೀರಿನ ಅರಬಿ ಇಟ್ರ ಬಿಟ್ಕೊಂಡು ಬರತೈತಿ. ಮುಂದ ಯಾರೋ ಒಬ್ಬಾಂವ ಇದನ್ನ ಬಿಚ್ಚತಾನ. ಅಂವಗ ದಾರಿ ಬಿಡಬೇಕು."

ನಾನು ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿರೋಳು. ಹೊಸ ಬದಲಾವಣೆ ಕೈಕೊಟ್ಟರೆ ಹಳೇ ಸ್ಥಿತಿಗೆ ವಾಪಸ್ ಹೋಗೋ ದಾರಿ ಇಟ್ಟೇ ಮುಂದೆ ಹೆಜ್ಜೆ ಇಡಬೇಕು ಅನ್ನೋದು ನಮ್ಮ ಕೆಲಸದ ಮೊದಲ ಪಾಠ. ನಾವು ಅದಕ್ಕೆ ರೋಲ್‌ಬ್ಯಾಕ್ ಅಂತೀವಿ. ಹುಬ್ಬಳ್ಳಿಯ ಆ ಸಣ್ಣ ಅಂಗಡಿಯಲ್ಲಿ ಅದಕ್ಕೆ ಸರೇಸು ಅಂತಿದ್ದರು.

ತಿದಿಗೆ ಆಡಿನ ತೆಳು ಚರ್ಮ ಹಾಕಿ, ಸೀಳಿದ ಹಲಗೆಗೆ ಅದೇ ಜಾತಿಯ ಕಟ್ಟಿಗೆಯ ಪಟ್ಟಿ ಕೂರಿಸಿದರು. ಮತ್ತೆ ಎಣಿಸಿದಾಗ ನಲವತ್ತು ಸೆಕೆಂಡು ನಿಂತಿತು. ಉಸಿರು ಬಂತು.

ಆಮೇಲೆ ಮಾತು. ನಮ್ಮ ಪೇಟಿಗೆ 42 ಕೀ, ಎರಡು ಸಾಲು, ಒಟ್ಟು 84 ರೀಡು. ಒಂದೊಂದನ್ನೂ ಬಿಚ್ಚುವ ಮೊದಲು ಫೋನಿನಲ್ಲಿ ಫೋಟೋ ತೆಗೆದು ನಂಬರ್ ಹಾಕಿದೆ. ಅಜ್ಜ ಮೆತ್ತನೆ ಬ್ರಷ್‌ನಿಂದ ಧೂಳು ತೆಗೆದರು. ನಾಲಿಗೆಯ ಕೆಳಗೆ ತೆಳು ಕಾಗದ ತೂರಿಸಿ ಸಿಕ್ಕಿಕೊಂಡ ಕಸ ಎಳೆದರು. ಹಿತ್ತಾಳೆ ಫಳಫಳ ಮಾಡೋಕೆ ಹುಣಸೆಹಣ್ಣು ಹಚ್ಚೋಣವಾ ಅಂತ ಕೇಳಿದ್ದಕ್ಕೆ, "ಇದೇನ ದೇವರ ಸಮೆ ಏನವ್ವಾ?" ಅಂದರು. ಹುಳಿ ಲೋಹವನ್ನು ತಿನ್ನುತ್ತೆ, ಸ್ವರ ಬದಲಾಗುತ್ತೆ. ಮೂರು ರೀಡು ಬಿರುಕು ಬಿಟ್ಟಿದ್ದವು. ಅವಕ್ಕೆ ಅವರ ಹತ್ತಿರವೇ ಇದ್ದ, ಸತ್ತ ಪೇಟಿಯೊಂದರ ಹಳೇ ರೀಡು ಹಾಕಿದರು. ಕಿತ್ತದ್ದನ್ನು ಸಣ್ಣ ಚೀಲದಲ್ಲಿ ಕಟ್ಟಿ ಪೆಟ್ಟಿಗೆಯೊಳಗೇ ಇಟ್ಟರು.

ಅಜ್ಜ ಪಾಠ ಹೇಳ್ತಿದ್ದ ಹಳ್ಳಿಯೊಂದು ನಮ್ಮ ತಾಲ್ಲೂಕಿನಲ್ಲೇ ಇದೆ. ಅಲ್ಲಿನ ಹುಡುಗರು ಯುಗಾದಿಗೆ ನಾಟಕ ಆಡೋರಿದ್ದರು. ಅವರ ಈಗಿನ ಮಾಸ್ತರಿಗೆ ಕಾಲ್ಪೇಟಿ ಬಾರಿಸೋಕೆ ಬರ್ತಿತ್ತು. ಮಾಸ್ತರು, ಕ್ಯಾಶಿಯೋ ನುಡಿಸೋ ಹುಡುಗ ಇಬ್ಬರೂ ಹುಬ್ಬಳ್ಳಿಗೇ ಬಂದರು. ಕಾಕಾಗೆ ಕೊಟ್ಟ ಮಾತು ಉಳಿಯುತ್ತೆ ಅಂತ ನನಗೆ ಖುಷಿ.

ಎರಡನ್ನೂ ಕೂಡಿಸಿ ಬಾರಿಸಿದಾಗ ಹುಡುಗ ಕೈ ತೆಗೆದುಬಿಟ್ಟ. "ಅಕ್ಕಾ, ಇದು ಕೂಡವಲ್ದು." ನನಗೂ ಕೇಳಿಸ್ತು. ಒಂದೇ ಸ್ವರ ಒತ್ತಿದರೂ ಎರಡರ ನಡುವೆ ವ್ಹಾ-ವ್ಹಾ ಅಂತ ಅಲೆ ಏಳ್ತಿತ್ತು.

ಫೋನಿಗೆ ಟ್ಯೂನರ್ ಆ್ಯಪ್ ಹಾಕ್ಕೊಂಡು 84 ರೀಡನ್ನೂ ಒಂದೊಂದೇ ಅಳೆದು ಎಕ್ಸೆಲ್‌ನಲ್ಲಿ ಬರೆದೆ. ರೀಡು ನಿಜಕ್ಕೂ ಕೆಟ್ಟಿದ್ದರೆ ಒಂದು ಮೇಲೆ, ಒಂದು ಕೆಳಗೆ ಹೋಗಿರಬೇಕಿತ್ತು. ಎಂಟನ್ನು ಬಿಟ್ಟರೆ ಉಳಿದವೆಲ್ಲ ಒಂದೇ ಅಳತೆಯಲ್ಲಿ ಕೆಳಗಿದ್ದವು, ಅರ್ಧಸ್ವರದ ಐದನೇ ಒಂದು ಭಾಗದಷ್ಟು.

ಇದಕ್ಕೊಂದು ಇತಿಹಾಸ ಇದೆ. ಇವತ್ತಿನ ಕೀಬೋರ್ಡುಗಳು ಒಪ್ಪಿರೋ ಅಳತೆಯಲ್ಲಿ 'ಎ' ಅನ್ನೋ ಸ್ವರ ಸೆಕೆಂಡಿಗೆ 440 ಸಲ ಕಂಪಿಸಬೇಕು. ಅದು ಅಂತರರಾಷ್ಟ್ರೀಯ ಒಪ್ಪಂದವಾಗಿದ್ದು 1939ರಲ್ಲಿ, ಲಂಡನ್ನಿನ ಸಭೆಯಲ್ಲಿ. ಅದಕ್ಕೂ ಮೊದಲು ಒಂದೊಂದು ದೇಶದ್ದು ಒಂದೊಂದು ಲೆಕ್ಕ. ಫ್ರಾನ್ಸ್ ಸರ್ಕಾರ 1859ರಲ್ಲಿ 435 ಅಂತ ಗೊತ್ತು ಮಾಡಿತ್ತು. ನಮ್ಮ ಪೇಟಿಯ ರೀಡುಗಳ ಮೇಲೆ ಪ್ಯಾರಿಸ್ಸಿನ ಮುದ್ರೆ ಇದೆ. 440 ಮತ್ತು 435 ಒಟ್ಟಿಗೆ ನುಡಿದರೆ ಸೆಕೆಂಡಿಗೆ ಐದು ಅಲೆ. ನಾವು ಕೇಳಿದ ವ್ಹಾ-ವ್ಹಾ ಅದೇ. ಪೇಟಿ ಅಪಸ್ವರ ನುಡೀತಾ ಇರಲಿಲ್ಲ, ಅದು ತನ್ನದೇ ಶ್ರುತಿಯಲ್ಲಿತ್ತು.

"ಏರಿಸಾಕ ಬರತೈತೇನ್ರಿ?" ಮಾಸ್ತರು ಕೇಳಿದರು. ಬರುತ್ತೆ. ರೀಡಿನ ತುದಿಯನ್ನು ಉಜ್ಜಿ ತೆಳ್ಳಗೆ ಮಾಡಿದರೆ ಸ್ವರ ಏರುತ್ತೆ, ಬುಡದಲ್ಲಿ ಉಜ್ಜಿದರೆ ಇಳಿಯುತ್ತೆ. ಇದು ಎಲ್ಲ ಕಡೆ ಮಾಡೋ ಕೆಲಸವೇ. ನಾನೂ ಹೂಂ ಅನ್ನೋದರಲ್ಲಿದ್ದೆ. ಯುಗಾದಿಗೆ ಐದು ವಾರ ಉಳಿದಿತ್ತು. ಇವರು ಬೇಡ ಅಂದರೆ ಪೇಟಿ ಮೇಜಾಗೋದು ಖಾತ್ರಿ.

ರಿಪೇರಿ ಅಜ್ಜ ಕಾನಸು ಕೈಗೆ ತಗೊಂಡು ನನ್ನ ಮುಖ ನೋಡಿದರು. "ನೀ ಅಂದ್ರ ತಿಕ್ಕತೀನಿ. ಆದ್ರ ನಾಳೆ ಹಿಂದಕ್ಕ ತರ್ರಿ ಅಂದ್ರ ಅಷ್ಟ ಸಲೀಸಲ್ಲ. ಬುಡಾನೂ ತಿಕ್ಕಬೇಕಾಕ್ಕತಿ. ತಿಕ್ಕಿದ ಹಿತ್ತಾಳಿ ಪುಡಿ ಆಗಿ ಹಾರಿಹೋಗಿರತೈತಿ, ನಾಲಿಗಿ ಇನ್ನಷ್ಟು ಸೊರಗತೈತಿ." ಆಮೇಲೆ ರೀಡಿನ ಹಲಗೆಯನ್ನು ಮಗುಚಿ ತೋರಿಸಿದರು. ಒಳಬದಿಯಲ್ಲಿ ಪೆನ್ಸಿಲಿನ ಮಾಸಿದ ಕನ್ನಡ ಅಕ್ಷರ. ಯಾವ ಸಪ್ತಕದ ಯಾವ ರೀಡು ಬದಲಾಯಿಸಿದ್ದು ಅಂತ ಒಂದು ಸಾಲು. ಕೆಳಗೆ 1961ರ ತಾರೀಕು. ಅದರ ಪಕ್ಕ ಎರಡೇ ಪದ: ಶ್ರುತಿ ಮುಟ್ಟಿಲ್ಲ.

ಯಾರು ಬರೆದದ್ದೋ ಗೊತ್ತಿಲ್ಲ. ಅವನಿಗೂ ಯಾರೋ ಏರಿಸು ಅಂದಿದ್ದಿರಬಹುದು. ಅವನು ಬಿಟ್ಟಿದ್ದಕ್ಕೇ ನಮ್ಮಜ್ಜ ಬಾರಿಸಿದ ದನಿ ಅರವತ್ತು ವರ್ಷದ ನಂತರ ನನ್ನ ಎದುರಿಗಿತ್ತು.

ಹಾಗಂತ ಭಾವುಕಳಾಗಿ ಬೇಡ ಅಂದಿದ್ದರೆ ಪೇಟಿ ನನ್ನದಾಗಿ ಉಳೀತಿರಲಿಲ್ಲ. ಎರಡು ವಾದ್ಯ ಕೂಡಲೇಬೇಕಿತ್ತು. ಅವತ್ತು ಬ್ಯಾಡಗಿಗೆ ವಾಪಸ್ ಹೋಗೋ ರೈಲಿನಲ್ಲಿ ಕೂತು ಆ ಹುಡುಗನ ಕೀಬೋರ್ಡಿನ ಮಾಡೆಲ್ ನಂಬರ್ ಕೇಳಿ ಮ್ಯಾನ್ಯುಯಲ್ ಇಳಿಸಿಕೊಂಡು ಓದಿದೆ. ಅದರಲ್ಲಿ ಟ್ಯೂನಿಂಗ್ ಅಂತ ಒಂದು ಸೆಟ್ಟಿಂಗ್ ಇದೆ. 440 ಇದ್ದದ್ದನ್ನು ಒಂದೊಂದೇ ಮೆಟ್ಟಿಲು ಇಳಿಸಬಹುದು. ಮುಂದಿನ ವಾರ ಹುಡುಗ ಅದನ್ನು 435ಕ್ಕೆ ಇಳಿಸಿ, ಮಾಸ್ತರ ಜೊತೆ ಒಂದೇ ಸ್ವರ ಒತ್ತಿದ. ಅಲೆ ನಿಂತಿತು. ಗಾಯಕರಿಗೆ ಐದನೇ ಒಂದು ಭಾಗದ ವ್ಯತ್ಯಾಸ ಲೆಕ್ಕಕ್ಕೇ ಬರಲಿಲ್ಲ. ದಾರಿ ತಪ್ಪಿದ್ದ ಎಂಟು ರೀಡನ್ನು ಮಾತ್ರ ರಿಪೇರಿ ಅಜ್ಜ ಉಳಿದವುಗಳ ಸಾಲಿಗೆ ತಂದರು, ಎಷ್ಟು ಬೇಕೋ ಅಷ್ಟೇ ಉಜ್ಜಿ.

84 ರೀಡು ಉಜ್ಜೋದಾ, ಒಂದು ಬಟನ್ ಒತ್ತೋದಾ? ಹಳೇದು ಹೊಸದರ ಜೊತೆ ಕೂಡದಿದ್ದಾಗ ನಾವು ಯಾವಾಗಲೂ ಹಳೇದನ್ನೇ ತಿದ್ದೋಕೆ ಹೋಗ್ತೀವಿ, ಅದು ಎದುರಾಡಲ್ಲ ಅಂತ. ಆದರೆ ಬಗ್ಗೋ ಶಕ್ತಿ ಇರೋದು ಹೊಸದಕ್ಕೆ. ಹಳೇದನ್ನು ಒಮ್ಮೆ ಉಜ್ಜಿದರೆ ಮುಗೀತು. ಹೊಸದು ನಾಟಕ ಮುಗಿದ ಮೇಲೆ ಮತ್ತೆ 440ಕ್ಕೆ ಹೋಗುತ್ತೆ.

ಒಟ್ಟು ಖರ್ಚು ಇಪ್ಪತ್ತೊಂದೂವರೆ ಸಾವಿರ. ಅಷ್ಟಕ್ಕೆ ಚೆಂದದ ಹೊಸ ಕೈಪೇಟಿ ಬರುತ್ತಿತ್ತು, ಖಂಡಿತ. ನಾಟಕದವರು ರಾತ್ರಿಗೆ ಒಂದೂವರೆ ಸಾವಿರ ಬಾಡಿಗೆ ಕೊಟ್ಟರು. ಸೀನರಿಗೆ, ಮೈಕಿಗೆ ಕೊಡೋ ಹಾಗೇ ಪೇಟಿಗೂ ಬಾಡಿಗೆ. ಯುಗಾದಿಗೆ ಒಂದು, ಜಾತ್ರೆಗೆ ಎರಡು, ಹೀಗೆ ಮೂರು ನಾಟಕ ಆಯ್ತು. ಕಾಕಾ ಮನೆ ಲೆಕ್ಕದ ಪುಸ್ತಕದಲ್ಲಿ 'ಪೇಟಿ ಖಾತೆ' ಅಂತ ಹೊಸ ಪುಟ ತೆಗೆದಿದ್ದಾರೆ. ಜಮೆ ನಾಲ್ಕೂವರೆ ಸಾವಿರ. ಮೇಜಿನ ವ್ಯಾಪಾರಿಗೆ ಅವರೇ ಫೋನ್ ಮಾಡಿ, "ಸದ್ಯಕ್ಕ ಇಲ್ರೀ" ಅಂದರು. 'ಸದ್ಯಕ್ಕ' ಅನ್ನೋ ಪದದ ಮೇಲೆ ನನಗೆ ಇನ್ನೂ ಒಂದು ಕಣ್ಣಿದೆ. ಅಜ್ಜಿ ನಾಟಕಕ್ಕೆ ಬರಲಿಲ್ಲ. ಪೇಟಿ ಮನೆಗೆ ವಾಪಸ್ ಬಂದ ದಿನ ಅದರ ಮೇಲೆ ತನ್ನ ಹಳೇ ಇಳಕಲ್ ಸೀರೆ ಮಡಚಿ ಹೊದಿಸಿದಳು, ಧೂಳು ಕೂರಬಾರದು ಅಂತ.

ನಿಮ್ಮ ಮನೆ ಅಟ್ಟದಲ್ಲೂ ಇಂಥದ್ದೊಂದು ಇದ್ದರೆ, ನಾನು ಆ ಅಂಗಡಿಯಲ್ಲಿ ಕಲಿತದ್ದು ಇಷ್ಟು. ಬಿಚ್ಚುವ ಮೊದಲು ಫೋಟೋ ತೆಗೀರಿ. ರೀಡಿಗೆ ಎಣ್ಣೆ, ಹುಣಸೆ, ಪಾಲಿಶ್ ಯಾವುದೂ ಬೇಡ. ಶ್ರುತಿ ಸರಿಯಿಲ್ಲ ಅನಿಸಿದರೆ ಮೊದಲು ಗಾಳಿ ಸೋರಿಕೆ ನೋಡಿ, ಆಮೇಲೆ ಧೂಳು ನೋಡಿ, ಆಮೇಲೆ ಎಲ್ಲ ರೀಡೂ ಒಂದೇ ಅಳತೆಯಲ್ಲಿ ಇಳಿದಿವೆಯಾ ಅಂತ ನೋಡಿ. ಕಾನಸು ಎಲ್ಲಕ್ಕಿಂತ ಕೊನೆಗೆ. ಕಿತ್ತದ್ದನ್ನು ಎಸೀಬೇಡಿ. ಏನು ಮಾಡಿದ್ರಿ ಅಂತ ಒಳಗೆ ಪೆನ್ಸಿಲಿನಲ್ಲಿ ಬರೆದಿಡಿ. ನಾವೂ ತಾರೀಕು ಹಾಕಿ ಬರೆದಿದ್ದೀವಿ, ಮೂರು ರೀಡು ಬದಲು, ಎಂಟು ಸರಿ ಮಾಡಿದ್ದು, ಉಳಿದವುಗಳ ಶ್ರುತಿ ಮುಟ್ಟಿಲ್ಲ ಅಂತ.

ಮತ್ತೆ ವಾರಕ್ಕೊಮ್ಮೆಯಾದರೂ ಹತ್ತು ನಿಮಿಷ ಬಾರಿಸಿ. ರಾಗ ಬರದಿದ್ದರೂ ಪರವಾಗಿಲ್ಲ, ಸುಮ್ಮನೆ ಒಂದೊಂದು ಕೀ ಒತ್ತಿ ಗಾಳಿ ಆಡಿಸಿ. ತಿದಿಯ ಚರ್ಮ ಮಡಚ್ತಾ ಬಿಚ್ತಾ ಇದ್ದರೇ ಮೆತ್ತಗಿರುತ್ತೆ. ಮೂಲೆಯಲ್ಲಿಟ್ಟು ಕಾಪಾಡಿದ ಪೇಟಿಗಿಂತ ಬಾರಿಸಿ ಸವೆಸಿದ ಪೇಟಿ ಹೆಚ್ಚು ಕಾಲ ಬಾಳುತ್ತೆ.